ತೊರವಿಯವರ ದಡ್ಡ ಪ್ರಶ್ನೆ

ಈರಣ್ಣ ತೊರವಿಯವರು ಯಾವ ಲೈಬ್ರರಿಯನ್ನು ಆರಿಸುವ ಮುನ್ನವೂ ಅದನ್ನು ಬರೆದವನಿಗೆ ಒಂದು ದಡ್ಡ ಪ್ರಶ್ನೆ ಕೇಳುತ್ತಿದ್ದರು. ಗೊತ್ತಿಲ್ಲದೆ ಕೇಳುತ್ತಿದ್ದ ಪ್ರಶ್ನೆಯಲ್ಲ ಅದು. ಬೆಳಗಿನ ಚಹಾ ಮುಗಿಸಿ, ಕನ್ನಡಕ ಒರೆಸಿಕೊಂಡು, ಯೋಚಿಸಿ, ತಿದ್ದಿ, ಸಾಧ್ಯವಾದಷ್ಟು ದಡ್ಡತನ ತುಂಬಿ ಕಳಿಸುತ್ತಿದ್ದ ಪ್ರಶ್ನೆ. "ಗೌರವಾನ್ವಿತ ಮಹಾಶಯರೇ, ತಮ್ಮ ಲೈಬ್ರರಿಯನ್ನು ಇಳಿಸಿಕೊಂಡಿದ್ದೇನೆ. ಇನ್ನು ಎಲ್ಲಿ ಒತ್ತಬೇಕು, ದಯವಿಟ್ಟು ತಿಳಿಸಿ" ಎಂಬುದು ಅವರಿಗೆ ಬಹಳ ಪ್ರಿಯವಾದದ್ದು. ಇದನ್ನು ಇಂಗ್ಲಿಷಿನಲ್ಲಿ ಬರೆದು, ಅನುಮಾನ ಬಾರದಿರಲೆಂದು ಒಂದೆರಡು ತಪ್ಪುಗಳನ್ನೂ ಸೇರಿಸಿ, ಮೇಲ್ ಕಳಿಸಿ, ಕೈ ಕಟ್ಟಿ ಕಾಯುತ್ತಿದ್ದರು.

ಲೈಬ್ರರಿ ಎಂದರೆ ಪುಸ್ತಕಗಳದ್ದಲ್ಲ. ಲೋಕದ ಯಾವುದೋ ಮೂಲೆಯಲ್ಲಿ ಯಾರೋ ಪುಣ್ಯಾತ್ಮರು ಬರೆದು, ಬೇಕಾದವರು ಬಳಸಿಕೊಳ್ಳಲಿ ಎಂದು ಇಂಟರ್ನೆಟ್ಟಿನಲ್ಲಿ ತೆರೆದಿಟ್ಟ ಕೋಡಿಗೆ ನಮ್ಮ ಕಸುಬಿನಲ್ಲಿ ಹಾಗೆನ್ನುತ್ತಾರೆ. ಎಲ್ಲವನ್ನೂ ತಾವೇ ಬರೆಯುತ್ತ ಕೂರುವ ಬದಲು, ಗಿರಣಿಯಿಂದ ಹಿಟ್ಟು ತಂದು ರೊಟ್ಟಿ ಬಡಿಯುವ ಹಾಗೆ, ಜನ ಅದನ್ನು ತಂದು ತಮ್ಮ ಕೆಲಸಕ್ಕೆ ಹಾಕಿಕೊಳ್ಳುತ್ತಾರೆ. ಹಿಟ್ಟಿನಲ್ಲಿ ಕಲ್ಲಿದ್ದರೆ ಹಲ್ಲಿಗೆ ಸಿಕ್ಕಿದಾಗಲೇ ಗೊತ್ತಾಗುವುದು. ಆ ಕಲ್ಲನ್ನು ಮೊದಲೇ ಹುಡುಕುವುದು ನಮ್ಮ ಕಂಪನಿಯಲ್ಲಿ ತೊರವಿಯವರ ಕೆಲಸವಾಗಿತ್ತು.

ಆಗ ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಪುಣೆಯ ಕೋಥರೂಡಿನಲ್ಲಿ ಒಂದು ಔಷಧದ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಮಾಲೀಕರು ದಾಮ್ಲೆ ಸಾಹೇಬರು. ನಾನು ಪುಣೆಯ ಹೊರವಲಯದ ದೇಹೂ ರೋಡಿನಲ್ಲಿ ಬೆಳೆದವಳು, ಅಪ್ಪ ಗುಮಾಸ್ತರಾಗಿದ್ದರು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಕೆಲಸಕ್ಕೆ ಸೇರಿದ ಮೊದಲ ದಿನ ತೊರವಿಯವರು ನನ್ನ ಮನೆತನದ ಹೆಸರು ಕೇಳಿದ್ದೇ ತಲೆಯೆತ್ತಿ, "ನಮ್ಮ ಕಡೇದಾಕಿ ಏನು ತಂಗಿ?" ಎಂದರು. ಹೌದೆಂದೆ. "ಹಂಗಾರ ಊಟಕ್ಕ ಇಲ್ಲೇ ಕೂಡು" ಎಂದು ತಮ್ಮ ಮೇಜಿನ ಮೇಲಿದ್ದ ಕಡತಗಳನ್ನು ಸರಿಸಿ ಜಾಗ ಮಾಡಿದರು. ಅಂದಿನಿಂದ ಅವರ ಡಬ್ಬಿಯ ಶೇಂಗಾ ಚಟ್ನಿಯಲ್ಲಿ ನನ್ನದೂ ಒಂದು ಪಾಲು ಇದ್ದೇ ಇರುತ್ತಿತ್ತು.

ತೊರವಿಯವರು ವಿಜಾಪುರದವರು. ಅಣ್ಣಂದಿರದು ಅಲ್ಲಿ ಕಾಳಿನ ಅಂಗಡಿ. ಇವರು ಮಾತ್ರ ತೊಂಬತ್ತರ ದಶಕವನ್ನು ಪಿಂಪರಿಯ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕಳೆದು, ಅದು ಮುಚ್ಚಿದ ಮೇಲೆ ದಾಮ್ಲೆಯವರ ಬಳಿ ಬಂದಿದ್ದರು. ವಯಸ್ಸು ಐವತ್ತು ದಾಟಿತ್ತು. ತುಂಬು ತೋಳಿನ ಬಿಳಿ ಅಂಗಿ, ಗುಂಡಿ ಹಾಕಿದ ಕೊರಳು. ನಗುವುದು ಕಡಿಮೆ. ನಗೆಯ ಮಾತನ್ನಂತೂ ಅವರು ನಕ್ಕು ಹೇಳಿದ್ದನ್ನು ನಾನು ನೋಡಿಲ್ಲ.

ಅವರ ಮನೆಯ ಗಡಿಯಾರಗಳೆಲ್ಲ ಮುಂದೆ ಇದ್ದವು. ಕೆಟ್ಟು ಹಾಗಾದದ್ದಲ್ಲ, ಅವರೇ ಮುಂದಿಟ್ಟದ್ದು. ಕೈಗಡಿಯಾರವೂ ಹಾಗೆಯೇ. ಈ ಪದ್ಧತಿ ನಮ್ಮ ಜನರ ಅನೇಕ ಮನೆಗಳಲ್ಲಿದೆ. ನಮ್ಮಪ್ಪನೂ ಲೋಕಲ್ ರೈಲು ತಪ್ಪಬಾರದೆಂದು ಐದು ನಿಮಿಷ ಮುಂದಿಡುತ್ತಿದ್ದರು; ಅದು ಎಲ್ಲರಿಗೂ ಗೊತ್ತಿದ್ದುದರಿಂದ ನಾವೆಲ್ಲ ಮನಸ್ಸಿನಲ್ಲೇ ಐದು ನಿಮಿಷ ಕಳೆದು ಆರಾಮಾಗಿರುತ್ತಿದ್ದೆವು. ತೊರವಿಯವರು ಈ ದೋಷವನ್ನು ಕಂಡುಹಿಡಿದಿದ್ದರು. ಎಷ್ಟು ಮುಂದಿಟ್ಟಿದ್ದೇನೆಂದು ಅವರು ಹೆಂಡತಿಗೂ ಹೇಳುತ್ತಿರಲಿಲ್ಲ. "ಗೊತ್ತಾತು ಅಂದ್ರ ಉಪಯೋಗಿಲ್ಲ ತಂಗಿ. ಪಾಸ್‌ವರ್ಡ್ ಇದ್ದಂಗ ಅದು" ಎನ್ನುತ್ತಿದ್ದರು. ಹೀಗೆ ಗುಟ್ಟು ಕಾಪಾಡಿ ಕಾಪಾಡಿ ಕಡೆಗೆ ಅವರೂ ಅದನ್ನು ಮರೆತಿದ್ದರು. ಕೈಗಡಿಯಾರ ನೋಡುತ್ತಿದ್ದರು, ಅದು ಹೇಳಿದ್ದನ್ನು ನಂಬುತ್ತಿದ್ದರು, ಎಲ್ಲ ಕಡೆಗೂ ಮೊದಲೇ ಹೋಗಿ ಕೂರುತ್ತಿದ್ದರು.

ಮತ್ತೆ ದಡ್ಡ ಪ್ರಶ್ನೆಗೆ ಬರುತ್ತೇನೆ. ಲೈಬ್ರರಿಯನ್ನು ಪರೀಕ್ಷಿಸಲು ಬೇರೆಯವರು ಮಾಡುವುದನ್ನೆಲ್ಲ ಅವರೂ ಮಾಡುತ್ತಿದ್ದರು. ಅದನ್ನು ಕಡೆಯ ಸಲ ತಿದ್ದಿದ್ದು ಯಾವಾಗ, ಜನ ತೋರಿಸಿದ ತಪ್ಪುಗಳಲ್ಲಿ ಎಷ್ಟು ಹಾಗೇ ಬಿದ್ದಿವೆ, ಎಲ್ಲ ನೋಡುತ್ತಿದ್ದರು. ಲೈಸೆನ್ಸ್ ಪತ್ರವನ್ನು ಸತ್ಯನಾರಾಯಣನ ಕಥೆ ಓದಿದ ಹಾಗೆ, ನಡುವೆ ಏಳದೆ, ಕೊನೆಯ ಸಾಲಿನ ತನಕ ಓದುತ್ತಿದ್ದರು. ಆದರೆ ತೀರ್ಪು ಹೊರಬೀಳುತ್ತಿದ್ದುದು ಮಾತ್ರ ದಡ್ಡ ಪ್ರಶ್ನೆಗೆ ಉತ್ತರ ಬಂದ ಮೇಲೆ. ತೀರ್ಪಿನಲ್ಲಿ ಎರಡೇ ಬಗೆ. ಒಂದು, "ತಗೋಬಹುದು". ಇನ್ನೊಂದು, "ಬ್ಯಾಡ".

ಒಮ್ಮೆ ಇದರ ಅರ್ಥವೇನೆಂದು ಕೇಳಿದೆ. ರೊಟ್ಟಿ ಮುರಿಯುತ್ತ ಹೇಳಿದರು:

"ಶಾಣ್ಯಾ ಪ್ರಶ್ನಿ ಕೇಳಿದ್ರ ಎಲ್ಲಾರೂ ಛಲೋ ಮಾತಾಡ್ತಾರ. ದಡ್ಡ ಪ್ರಶ್ನಿ ಕೇಳಿದಾಗ ಮನಷ್ಯಾ ಹೊರಗ ಬರ್ತಾನ. ನೋಡು ತಂಗಿ, ನಾಳೆ ನಮಗ ತ್ರಾಸ ಆತು ಅಂದ್ರ ಕೋಡಿನ ಮುಂದ ಕುಂತು ಅತ್ರ ನಡಿಯೂದಿಲ್ಲ. ಬರದಾವನ ಬಾಗಲಕ್ಕ ಹೋಗಬೇಕು. ಅಂವಾ ಬಾಗಲಾ ತಗಿಯಾವ ಹೌದೋ ಅಲ್ಲೋ, ಮದ್ಲ ನೋಡಬೇಕಲ್ಲ?"

ಒಂದು ಸಲ ಬಹಳ ಹೆಸರಾದ ಲೈಬ್ರರಿಯೊಂದನ್ನು ಬಳಸೋಣವೆಂದು ದಾಮ್ಲೆ ಸಾಹೇಬರೇ ಸೂಚಿಸಿದರು. ತೊರವಿಯವರು ಎಂದಿನಂತೆ ಎಲ್ಲಿ ಒತ್ತಬೇಕೆಂದು ಕೇಳಿದರು. ಒಂದು ಗಂಟೆಯೊಳಗೆ ಉತ್ತರ ಬಂತು. ಓದಲು ಬರದವರು ಈ ಕಸುಬು ಬಿಡುವುದು ಲೇಸು ಎಂಬ ಅರ್ಥದ ಒಂದೇ ಸಾಲು. ತೊರವಿಯವರು ಅದನ್ನು ಸಮಾಧಾನದಿಂದ ಎರಡು ಸಲ ಓದಿ "ಬ್ಯಾಡ" ಎಂದರು. ದಾಮ್ಲೆ ಸಾಹೇಬರು ಹೌಹಾರಿದರು. ಅವರ ಮರಾಠಿಯನ್ನು ಕನ್ನಡದಲ್ಲಿ ಹೇಳುವುದಾದರೆ, "ತೊರವಿ, ಜಗತ್ತೆಲ್ಲ ಅದನ್ನೇ ಬಳಸುತ್ತದೆ!" ಎಂದು ಕೂಗಿದರು. "ಬಳಸಲಿ ಸಾಹೇಬ್, ಜಗತ್ತಿಗೆ ನಾನು ಬೇಡ ಅಂದಿಲ್ಲ" ಎಂದರು ತೊರವಿಯವರು. ಆ ಲೈಬ್ರರಿ ನಮ್ಮಲ್ಲಿಗೆ ಬರಲಿಲ್ಲ. ಅದರಿಂದ ಜಗತ್ತಿಗೇನೂ ತೊಂದರೆಯಾದಂತೆ ಕಾಣಲಿಲ್ಲ; ನಮಗೂ ಆಗಲಿಲ್ಲ.

ಆ ವರ್ಷ ನಮಗೊಂದು ದೊಡ್ಡ ಕೆಲಸ ಸಿಕ್ಕಿತು. ಪುಣೆಯ ಅಂಚಿನ ಕಾತ್ರಜದಿಂದ ರಾತ್ರಿ ಬಸ್ಸುಗಳನ್ನು ಓಡಿಸುತ್ತಿದ್ದ ಜಗತಾಪ್ ಶೇಟ್ ಎಂಬವರಿಗೆ ಟಿಕೆಟ್ ಕಾಯ್ದಿರಿಸುವ ವ್ಯವಸ್ಥೆ ಮಾಡಿಕೊಡಬೇಕಿತ್ತು. ಸೊಲ್ಲಾಪುರ, ವಿಜಾಪುರ, ಹುಬ್ಬಳ್ಳಿಗಳಲ್ಲಿ ಅವರ ಏಜೆಂಟರಿದ್ದರು. ಏಜೆಂಟ್ ತನ್ನ ಊರಿನಲ್ಲಿ ಕೂತು ಹೆಸರು, ಪಾಸ್‌ವರ್ಡ್ ಹಾಕಿದರೆ ಕೋಥರೂಡಿನ ನಮ್ಮ ಯಂತ್ರ ಅವನಿಗೊಂದು ಟೋಕನ್ ಕೊಡುತ್ತದೆ. ಸೀಟುಗಳ ಲೆಕ್ಕವೆಲ್ಲ ಇರುವುದು ಕಾತ್ರಜದ ಆಫೀಸಿನ ಯಂತ್ರದಲ್ಲಿ. ಅದು ಟೋಕನ್ ನೋಡಿ, ಇವನು ನಮ್ಮವನೇ ಎಂದು ಖಾತ್ರಿ ಮಾಡಿಕೊಂಡು, ಸೀಟು ಕೊಡುತ್ತದೆ. ಟೋಕನ್ನಿಗೆ ಹತ್ತು ನಿಮಿಷ ಆಯಸ್ಸು. ಆಮೇಲೆ ಅದು ಹಳಸಿದ ಅನ್ನ, ಹೊಸದನ್ನು ಪಡೆಯಬೇಕು. ಕಳ್ಳರ ಕೈಗೆ ಸಿಕ್ಕರೂ ಉಪಯೋಗಕ್ಕೆ ಬಾರದಿರಲಿ ಎಂದು ಈ ಏರ್ಪಾಟು.

ಟೋಕನ್ ಬರೆದು, ಓದಿ, ಪರೀಕ್ಷಿಸುವ ಕೆಲಸಕ್ಕೆ ತೊರವಿಯವರು ಒಂದು ಲೈಬ್ರರಿ ಹುಡುಕಿದರು. ಅದನ್ನು ಬರೆದವನು ನಾರ್ವೆ ದೇಶದ ಓಲಾವ್ ಎಂಬವನು. ಅವನ ಹೆಸರನ್ನು ನಾವ್ಯಾರೂ ಕೇಳಿರಲಿಲ್ಲ. ಎಲ್ಲಿ ಒತ್ತಬೇಕು ಎಂಬ ಪ್ರಶ್ನೆಗೆ ಅವನು ಎರಡು ಪುಟದ ಉತ್ತರ ಬರೆದಿದ್ದ. ಒತ್ತುವಂಥದ್ದು ಇದರಲ್ಲಿ ಏನೂ ಇಲ್ಲದಿರುವುದಕ್ಕೆ ಮೊದಲು ಕ್ಷಮೆ ಕೇಳಿ, ಒಂದೊಂದು ಹೆಜ್ಜೆಯನ್ನೂ ವಿವರಿಸಿ, ಇಷ್ಟರಲ್ಲಿ ತಿಳಿಯದಿದ್ದರೆ ತಪ್ಪು ತನ್ನ ವಿವರಣೆಯದೇ ಎಂದು ಮುಗಿಸಿದ್ದ. ತೊರವಿಯವರು ಆ ಪತ್ರವನ್ನು ಮುದ್ರಿಸಿ ಮನೆಗೆ ಒಯ್ದು ಹೆಂಡತಿಗೂ ಓದಿ ಹೇಳಿದರಂತೆ. ಮರುದಿನ ಬಂದು "ತಗೋಬಹುದು" ಎಂದರು. ಅಂದಿನಿಂದ ನಮ್ಮಿಬ್ಬರ ಮಾತಿನಲ್ಲಿ ಅವನು ಓಲಪ್ಪನಾದ.

ದಾಮ್ಲೆ ಸಾಹೇಬರಿಗೆ ಇದು ಸರಿಬರಲಿಲ್ಲ. ಇದೇ ಕೆಲಸ ಮಾಡುವ ಸಾಮಾನನ್ನು ಒಂದು ದೊಡ್ಡ ಕಂಪನಿ ಮಾರುತ್ತಿತ್ತು. ಏನಾದರೂ ಕೆಟ್ಟರೆ ಅವರು ಸೂಟು ಹಾಕಿದ ಮನುಷ್ಯನನ್ನು ಕಳಿಸುತ್ತಾರೆ, ಓಲಾವ್ ಯಾರನ್ನು ಕಳಿಸುತ್ತಾನೆ ಎಂಬುದು ಸಾಹೇಬರ ವಾದ. ಎಲ್ಲರೂ ಕೂತ ಸಭೆಯಲ್ಲಿ ತೊರವಿಯವರು ಎದ್ದು ನಿಂತು, "ಸಾಹೇಬ್, ಈ ಲೈಬ್ರರಿ ಕೈಕೊಟ್ಟರೆ ಅದರ ಜೊತೆ ನಾನೂ ಹೋಗುತ್ತೇನೆ" ಎಂದು ಹೇಳಿ, ಕೂತು, ನೀರು ಕುಡಿದರು. ಅವರ ಮುಖದಲ್ಲಿ ಯಾವ ಆವೇಶವೂ ಇರಲಿಲ್ಲ. ಹಾಗಾಗಿ ಅವರು ನಿಜವಾಗಿಯೇ ಹೇಳುತ್ತಿದ್ದಾರೆಂದು ಎಲ್ಲರಿಗೂ ಗೊತ್ತಾಯಿತು.

ಕಾತ್ರಜದ ಆಫೀಸಿನಲ್ಲಿ ಹೊಸ ಯಂತ್ರ ಕೂರಿಸಲು ನಾವಿಬ್ಬರೂ ಹೋಗಿದ್ದೆವು. ಜಗತಾಪ್ ಶೇಟ್ ಚಹಾ ತರಿಸಿದರು. ಸಂಜೆಯ ಹೊತ್ತಿಗೆ ಎಲ್ಲ ಮುಗಿದು ಮೊದಲ ಟಿಕೆಟ್ ಹೊರಬಂದಾಗ ಶೇಟ್ ಯಂತ್ರಕ್ಕೆ ಹಾರ ಹಾಕಿದರು, ತೊರವಿಯವರ ಕೈಗೊಂದು ಪೇಢೆಯಿಟ್ಟರು.

ಒಂದು ವಾರದಲ್ಲಿ ದೂರು ಶುರುವಾಯಿತು. 'ಸೆಕ್ಯುರಿಟಿ ಟೋಕನ್ ಅಮಾನ್ಯ' ಎಂದು ತೆರೆಯ ಮೇಲೆ ಕೆಂಪಕ್ಷರ ಬರುತ್ತದೆ, ಟಿಕೆಟ್ ಬರುವುದಿಲ್ಲ. ವಿಚಿತ್ರವೆಂದರೆ ಎಲ್ಲರಿಗೂ ಬರುತ್ತಿರಲಿಲ್ಲ. ಸೊಲ್ಲಾಪುರದ ಏಜೆಂಟನಿಗೆ ಒಮ್ಮೆಯೂ ಬಂದಿರಲಿಲ್ಲ. ಹುಬ್ಬಳ್ಳಿಯವನಿಗೆ ಅಪರೂಪಕ್ಕೆ. ವಿಜಾಪುರದ ಬಸಲಿಂಗಪ್ಪನಿಗೆ ಮಾತ್ರ ದಿನವೂ, ಹೆಚ್ಚುಕಡಿಮೆ ಪ್ರತಿ ಟಿಕೆಟ್ಟಿಗೂ. ತಮ್ಮ ಊರಿನವನಿಗೇ ಹೀಗಾಗುತ್ತಿರುವುದು ತೊರವಿಯವರಿಗೆ ಅವಮಾನವಾದಂತಿತ್ತು. ಅವನಿಗೆ ಫೋನು ಹಚ್ಚಿ, ಏನೇನು ಮಾಡುತ್ತೀ ಮೊದಲಿನಿಂದ ಹೇಳು ಎಂದರು. ನಾನು ಇನ್ನೊಂದು ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದೆ.

"ಏನಿಲ್ರೀ ಸಾಹೇಬ್ರ, ಮದ್ಲ ಪಾಸ್‌ವರ್ಡ್ ಹಾಕ್ತೀನ್ರಿ. ಆಮ್ಯಾಲ ಗಿರಾಕಿನ್ನ ಕುಂಡ್ರಿಸಿ ಮಾತಾಡಸ್ತೀನ್ರಿ. ಯಾವೂರು, ಪುಣ್ಯಾಕ್ಕ ಯಾಕ ಹೊಂಟೀರಿ, ಮಗಳ ಮನಿ ಐತೇನು, ಹಿಂಗ. ಚಾ ತರಸ್ತೀನ್ರಿ. ಆಮ್ಯಾಲ ಸೀಟು ಒತ್ತತೀನ್ರಿ. ಕೆಂಪು ಬರ್ತೈತ್ರಿ."

ತೊರವಿಯವರು ಫೋನಿಟ್ಟು, ಟೋಕನ್ನಿನ ಆಯಸ್ಸು ಹತ್ತು ನಿಮಿಷ, ಬಸಲಿಂಗಪ್ಪನ ಚಹಾ ಎಷ್ಟೇ ಉದ್ದವಾದರೂ ಐದು ನಿಮಿಷ, ಆದ್ದರಿಂದ ಬಸಲಿಂಗಪ್ಪನದು ತಪ್ಪಿಲ್ಲ ಎಂದು ಲೆಕ್ಕ ಹಾಕಿದರು. ನಮ್ಮ ಕೋಡನ್ನು ಮೊದಲಿನಿಂದ ಕೊನೆಯವರೆಗೆ ಇಬ್ಬರೂ ಓದಿದೆವು. ಅದರಲ್ಲೂ ತಪ್ಪು ಸಿಗಲಿಲ್ಲ. ಉಳಿದದ್ದು ಓಲಪ್ಪನ ಲೈಬ್ರರಿ. ಅಷ್ಟರಲ್ಲಿ ಜಗತಾಪ್ ಶೇಟ್ ಸಾಹೇಬರಿಗೆ ಫೋನು ಮಾಡಿ, ದೀಪಾವಳಿಯ ಗದ್ದಲ ಶುರುವಾಗುವ ಮೊದಲು ಇದು ಸರಿಯಾಗದಿದ್ದರೆ ಹಳೆಯ ಕಾಗದದ ಚಾರ್ಟಿಗೇ ಹೋಗುವುದಾಗಿ ಹೇಳಿದ್ದರು. ಸಾಹೇಬರು ಸೂಟಿನ ಮನುಷ್ಯನಿಗೆ ಹೇಳಿಕಳಿಸಿಯೂ ಆಗಿತ್ತು. ಅವನು ಸೋಮವಾರ ಬರುವವನಿದ್ದ. ಅವನು ಬಂದರೆ ಓಲಪ್ಪ ಹೋಗಬೇಕು. ಓಲಪ್ಪ ಹೋದರೆ ತೊರವಿಯವರು ಹೋಗಬೇಕು. ಆಫೀಸಿನಲ್ಲಿ ಎಲ್ಲರೂ ಅವರ ಮುಂದೆ ಮೆಲ್ಲಗೆ ನಡೆಯುತ್ತಿದ್ದರು. ಅವರ ಊಟ ಅರ್ಧಕ್ಕಿಳಿದಿತ್ತು.

ಶುಕ್ರವಾರ ಮಧ್ಯಾಹ್ನ ಅವರು ಓಲಪ್ಪನಿಗೆ ಪತ್ರ ಬರೆದರು. ಈ ಸಲ ದಡ್ಡ ಪ್ರಶ್ನೆಯಲ್ಲ. ಯಂತ್ರಗಳ ವಿವರ, ತೆರೆಯ ಮೇಲಿನ ಕೆಂಪಕ್ಷರ, ಬಸಲಿಂಗಪ್ಪನ ಚಹಾ ಸಹಿತ ಎಲ್ಲವನ್ನೂ ಕೂಡಿಸಿ ಬರೆದ ಜಾಣ ಪತ್ರ. ಓಲಪ್ಪನ ಉತ್ತರ ಬೇಗನೆ ಬಂತು. ಅದರಲ್ಲಿದ್ದದ್ದು ಒಂದೇ ಪ್ರಶ್ನೆ:

"ನಿಮ್ಮಲ್ಲಿ ಈಗ ಗಂಟೆ ಎಷ್ಟು?"

ತೊರವಿಯವರ ಕಿವಿ ಕೆಂಪಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ನೌಕರಿ ಹೊಂಟೈತಿ, ಇಂವಾ ಟೈಮ್ ಕೇಳ್ತಾನ!" ಎಂದವರೇ ಕೀಲಿಮಣೆಯನ್ನು ಕುಟ್ಟತೊಡಗಿದರು. ನಾನು ಹಿಂದೆ ನಿಂತು ಓದುತ್ತಿದ್ದೆ. ಅದರ ಸಾರ ಹೀಗಿತ್ತು: "ಮಹಾಶಯರೇ, ನಾನು ಕೇಳಿದ್ದು ಟೋಕನ್ನಿನ ಬಗ್ಗೆ. ನಾನು ಈ ಕಸುಬಿಗೆ ನಿನ್ನೆ ಬಂದವನಲ್ಲ. ಗಡಿಯಾರ ನೋಡಲು ನನಗೆ ಬರುತ್ತದೆ. ಇಲ್ಲಿ ಈಗ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಇದರಿಂದ ತಮಗೆ ಸಂತೋಷವಾಗಿದ್ದರೆ ದಯವಿಟ್ಟು ಕೇಳಿದ್ದಕ್ಕೆ ಉತ್ತರಿಸಿ." ಕೈಗಡಿಯಾರ ನೋಡಿ ಗಂಟೆ ಬರೆದರು, ಕಳಿಸಿದರು, ಎದ್ದು ಹೋಗಿ ಕಿಟಕಿಯ ಬಳಿ ನಿಂತರು.

ಓಲಪ್ಪನ ಉತ್ತರ ಬಂದಾಗ ನಾನೇ ಅದನ್ನು ಮೊದಲು ಓದಿದೆ.

"ಪ್ರೀತಿಯ ತೊರವಿ, ವಂದನೆಗಳು. ನಿಮ್ಮ ಪತ್ರದ ಮೇಲೆ ಅಂಚೆಯವರು ಒತ್ತಿದ ಸಮಯ, ನಿಮ್ಮ ದೇಶದ ಲೆಕ್ಕದಲ್ಲಿ, ನಾಲ್ಕು ಗಂಟೆ ಹದಿಮೂರು ನಿಮಿಷ. ಅಂದರೆ ಅದು ನೀವು ಬರೆಯುವ ಮೊದಲೇ ನನಗೆ ತಲುಪಿದೆ. ಇಷ್ಟು ಚುರುಕಾದ ಅಂಚೆಯನ್ನು ನಾನು ನೋಡಿರಲಿಲ್ಲ. ಎರಡೂ ಯಂತ್ರಗಳ ಗಡಿಯಾರವನ್ನು ಒಮ್ಮೆ ನೋಡುತ್ತೀರಾ?"

ಇದರಲ್ಲಿ ಬಿಡಿಸಿ ಹೇಳುವಂಥದ್ದು ಹೆಚ್ಚೇನಿಲ್ಲ. ಕೋಥರೂಡಿನ ಯಂತ್ರ ತನ್ನ ಸಮಯವನ್ನು ಇಂಟರ್ನೆಟ್ಟಿನಿಂದ ತಾನೇ ತಿದ್ದಿಕೊಳ್ಳುತ್ತಿತ್ತು. ಕಾತ್ರಜದ ಯಂತ್ರಕ್ಕೆ ಸಮಯ ಕೊಟ್ಟವರು ತೊರವಿಯವರು. ಕೂರಿಸುವಾಗ ಅದು ಗಂಟೆ ಎಷ್ಟೆಂದು ಕೇಳಿತ್ತು, ಇವರು ಮಣಿಕಟ್ಟು ನೋಡಿ ಹೇಳಿದ್ದರು. ಕೋಥರೂಡಿನಲ್ಲಿ ಆಗಷ್ಟೇ ಹುಟ್ಟಿದ ಟೋಕನ್ ಕಾತ್ರಜದ ಕಣ್ಣಿಗೆ ಏಳು ನಿಮಿಷದ ಮುದುಕನಾಗಿ ಕಾಣುತ್ತಿತ್ತು. ಉಳಿದ ಮೂರು ನಿಮಿಷದಲ್ಲಿ ಸೊಲ್ಲಾಪುರದವನು ಮುಗಿಸುತ್ತಿದ್ದ. ಬಸಲಿಂಗಪ್ಪನ ಚಹಾ ಅಷ್ಟರಲ್ಲಿ ಬರುತ್ತಲೇ ಇರಲಿಲ್ಲ.

ತೊರವಿಯವರು ಪತ್ರ ಓದಿದರು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಅವರು ನಿಟ್ಟುಸಿರು ಬಿಟ್ಟು ನಗುತ್ತಾರೆಂದು ನಾನು ಕಾದೆ. ಲೈಬ್ರರಿ ಉಳಿದಿತ್ತು, ನೌಕರಿ ಉಳಿದಿತ್ತು, ಸೂಟಿನ ಮನುಷ್ಯನಿಗೆ ಬರಬೇಡವೆನ್ನಬಹುದಿತ್ತು. ಅವರು ಮಾತ್ರ ಕೇಳಿದ್ದು ಬೇರೆಯೇ.

"ತಂಗಿ, ಅಂವಗ ನಾ ಸಿಟ್ಟಿಲೆ ಬರದ್ನೇನು?"

"ಸ್ವಲ್ಪ ಬರದ್ರಿ ಸರ್."

"ಸ್ವಲ್ಪ ಅನಬ್ಯಾಡ. ಓದಿ ಹೇಳು."

ಅವರು ಕಳಿಸಿದ್ದನ್ನು ಓದಿದೆ. ಗಡಿಯಾರ ನೋಡಲು ನನಗೆ ಬರುತ್ತದೆ ಎಂಬ ಸಾಲು ಬಂದಾಗ ನನಗೇ ನಾಚಿಕೆಯಾಯಿತು. ತೊರವಿಯವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು. ಆಮೇಲೆ "ಬ್ಯಾಡ" ಎಂದರು.

ಯಾವುದನ್ನು ಬೇಡವೆಂದರು ಎಂಬುದು ನನಗೆ ಆಗ ತಿಳಿಯಲಿಲ್ಲ. ಸೋಮವಾರ ಅವರು ದಾಮ್ಲೆ ಸಾಹೇಬರ ಮುಂದೆ ರಾಜೀನಾಮೆ ಇಟ್ಟಾಗ ತಿಳಿಯಿತು. ತಪ್ಪು ಅವರ ಕೈಗಡಿಯಾರದ್ದೆಂದು ಕೇಳಿ ಸಾಹೇಬರು ಹೊಟ್ಟೆ ಹಿಡಿದು ನಕ್ಕರಂತೆ; ಅದಕ್ಕೆ ರಾಜೀನಾಮೆ ಏಕೆ ಎಂದರಂತೆ. ಗಡಿಯಾರಕ್ಕಲ್ಲ, ದಡ್ಡ ಪ್ರಶ್ನೆ ಕೇಳಿದವನಿಗೆ ಸಿಟ್ಟಿನ ಉತ್ತರ ಕೊಟ್ಟಿದ್ದಕ್ಕೆ ಎಂದು ತೊರವಿಯವರು ಹೇಳಿದಾಗ ಸಾಹೇಬರು ನಗುವುದನ್ನು ನಿಲ್ಲಿಸಿ, ಮೈ ಸರಿಯಿಲ್ಲವೇ ಎಂದು ವಿಚಾರಿಸಿದರಂತೆ. ಅಂಥ ಕಾರಣಕ್ಕೆ ಪುಣೆಯಲ್ಲಿ ಯಾರೂ ಕೆಲಸ ಬಿಟ್ಟಿಲ್ಲ ಎಂದೂ ಹೇಳಿದರಂತೆ. ಅದು ನಿಜವೇ ಇರಬೇಕು.

ನನಗೆ ಅವರ ಮೇಲೆ ಸಿಟ್ಟು ಬಂತು. ಊಟದ ಹೊತ್ತಿನಲ್ಲಿ ಜಗಳವಾಡಿದೆ. ಓಲಪ್ಪನೇನೂ ಬೇಸರ ಮಾಡಿಕೊಂಡಿರಲಿಲ್ಲ. ಇವರು ಕ್ಷಮೆ ಕೇಳಿ ಬರೆದ ಪತ್ರಕ್ಕೆ, ತನ್ನ ಮನೆಯಲ್ಲೂ ಒಂದು ಗಡಿಯಾರ ಹಿಂದೆ ಓಡುತ್ತದೆ ಎಂದು ಬರೆದಿದ್ದ.

"ಅಂವಾ ದೊಡ್ಡಾವ ಇದ್ದಾನ, ಹಂಗ ಬರದಾನ" ಎಂದರು ತೊರವಿಯವರು. "ಆದ್ರ ಇಷ್ಟ ವರ್ಷ ಮಂದೀನ್ನ ಒಂದ ಪ್ರಶ್ನಿಲೆ ಅಳದು ಹೊರಗ ಹಾಕೀನಿ. ನನ್ನ ಪಾಳಿ ಬಂದಾಗ ಬ್ಯಾರೆ ಅಳತಿ ತಗಿಯಾಕ ಬರೂದಿಲ್ಲ ತಂಗಿ. ಚಟ್ನಿ ಹಾಕ್ಕೋ."

ಹೋಗುವ ಮೊದಲು ಕಾತ್ರಜದ ಗಡಿಯಾರ ತಿದ್ದಬೇಕಿತ್ತು. ಇಬ್ಬರೂ ಹೋದೆವು. ಜಗತಾಪ್ ಶೇಟ್ ಬಾಗಿಲಿಗೆ ಅಡ್ಡ ನಿಂತರು. ಯಂತ್ರದ ಸಮಯ ಟಿಕೆಟ್ ಕೊಡುವ ಕಿಟಕಿಯ ಮೇಲಿನ ತೆರೆಯಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಅದು ಬಂದಂದಿನಿಂದ ಡ್ರೈವರುಗಳು ಅದನ್ನೇ ನೋಡಿ ಓಡಿಬರುತ್ತಿದ್ದರಂತೆ. ಶೇಟ್‌ಜೀ ಈ ದಂಧೆಗೆ ಇಳಿದ ಮೇಲೆ ಮೊದಲ ಬಾರಿಗೆ ಬಸ್ಸುಗಳು ಹೊತ್ತಿಗೆ ಸರಿಯಾಗಿ ಹೊರಡುತ್ತಿದ್ದವಂತೆ. ಪ್ರಯಾಣಿಕರ ಚಿಂತೆಯಿರಲಿಲ್ಲ. ಅವರಿಗೆ ಅರ್ಧ ಗಂಟೆ ಮುಂಚೆ ಬರಬೇಕೆಂದು ಟಿಕೆಟ್ಟಿನ ಮೇಲೆಯೇ ಅಚ್ಚಾಗಿತ್ತು. "ಬೇಕಾದರೆ ಟೋಕನ್ ತೆಗೆದುಹಾಕಿ, ಗಡಿಯಾರ ಮುಟ್ಟಬೇಡಿ" ಎಂದು ಶೇಟ್ ಮರಾಠಿಯಲ್ಲಿ ಕೈಮುಗಿದರು.

ತೊರವಿಯವರು ಇದನ್ನು ಬಹಳ ಗಂಭೀರವಾಗಿ ಪರಿಗಣಿಸಿದರು. "ಒಳಗಿಂದ ಖರೇ ಇರ್ಲಿ, ಹೊರಗಿಂದ ಮುಂದ ಇರ್ಲಿ" ಎಂದು ತೀರ್ಮಾನಿಸಿದರು. ಟೋಕನ್ ನೋಡುವ ಗಡಿಯಾರ ನಿಜವಾದದ್ದು, ಡ್ರೈವರುಗಳು ನೋಡುವುದು ಏಳು ನಿಮಿಷ ಮುಂದಿನದು. ಅದಕ್ಕೆ ಬೇಕಾದ ನಾಲ್ಕು ಸಾಲು ಕೋಡನ್ನು ಅವರು ಪಕ್ಕದಲ್ಲಿ ನಿಂತು ಹೇಳಿದರು, ನಾನು ಬರೆದೆ. ಬಸಲಿಂಗಪ್ಪ ಚಹಾ ತರಿಸಿಯೂ ಟಿಕೆಟ್ ಕೊಡತೊಡಗಿದ.

ಅಣ್ಣಂದಿರ ಕಾಳಿನ ಅಂಗಡಿಗೆಂದು ತೊರವಿ ದಂಪತಿ ವಿಜಾಪುರಕ್ಕೆ ಹೊರಟದ್ದು ಜಗತಾಪ್ ಶೇಟರ ರಾತ್ರಿ ಬಸ್ಸಿನಲ್ಲೇ. ಬೀಳ್ಕೊಡಲು ಬರುತ್ತೇನೆಂದು ಹೇಳಿದ್ದೆ. ಶೇಂಗಾ ಹೋಳಿಗೆ ಕಟ್ಟಿಕೊಂಡು, ಸ್ವಾರಗೇಟಿನ ಗದ್ದಲ ದಾಟಿ, ಕಾತ್ರಜದಲ್ಲಿ ರಿಕ್ಷಾದಿಂದ ಇಳಿದಾಗ ನನ್ನ ಗಡಿಯಾರದಲ್ಲಿ ಬಸ್ಸು ಹೊರಡಲು ಇನ್ನೂ ಮೂರು ನಿಮಿಷವಿತ್ತು. ಬಸ್ಸು ನಿಲ್ಲುವ ಜಾಗ ಖಾಲಿ ಇತ್ತು. ಕಿಟಕಿಯ ಮೇಲಿನ ತೆರೆ ನೋಡಿದೆ. ಅಲ್ಲಿ ಹೊತ್ತು ಮೀರಿತ್ತು. ಆ ಗಡಿಯಾರ ಮುಂದಿದೆ ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಆದರೆ ಖಾಸಗಿ ಬಸ್ಸೊಂದು ಗಡಿಯಾರ ನೋಡಿ ಹೊರಡುತ್ತದೆ ಎಂದು ನಾನು ನಂಬಿರಲಿಲ್ಲ. ಹೋಳಿಗೆಯ ಡಬ್ಬಿ ಹಿಡಿದು ಅಲ್ಲೇ ನಿಂತೆ. ಅಳು ಬಂತು. ಕಿಟಕಿಯ ಹಿಂದಿದ್ದವನು ಸಾತಾರೆಯ ಸೀಟು ಬೇಕೇ ಎಂದು ಕೇಳಿದ.

ಕೆಲವು ವಾರಗಳ ಮೇಲೆ ವಿಜಾಪುರದಿಂದ ಒಂದು ಮೇಲ್ ಬಂತು. ಅಂಗಡಿಯ ಬಗ್ಗೆ ಇಲ್ಲ, ಆರೋಗ್ಯದ ಬಗ್ಗೆ ಇಲ್ಲ. "ಅಲ್ಲಿ ಈಗ ಗಂಟೆ ಎಷ್ಟು?" ಎಂದಷ್ಟೇ ಇತ್ತು. ಅವತ್ತು ನನಗೆ ಉಸಿರಾಡಲೂ ಬಿಡುವಿರಲಿಲ್ಲ. ಆದರೂ ಕೂತು ಉದ್ದವಾಗಿ ಬರೆದೆ. ಗೌರವಾನ್ವಿತ ಮಹಾಶಯರೇ ಎಂದು ಶುರುಮಾಡಿ, ಗೋಡೆಯ ಗಡಿಯಾರದಲ್ಲಿ ಎಷ್ಟು, ಕೈಯಲ್ಲಿ ಎಷ್ಟು, ಯಂತ್ರದಲ್ಲಿ ಎಷ್ಟು ಎಂದೆಲ್ಲ ವಿವರಿಸಿ, ಊಟದ ಹೊತ್ತಿನಲ್ಲಿ ಅವರ ಮೇಜಿನ ಬಳಿ ಈಗ ಯಾರೂ ಕೂರುವುದಿಲ್ಲ ಎಂದು ಸೇರಿಸಿ, ಇಷ್ಟರಲ್ಲಿ ತಿಳಿಯದಿದ್ದರೆ ತಪ್ಪು ನನ್ನ ವಿವರಣೆಯದು ಎಂದು ಮುಗಿಸಿದೆ. ಸಂಜೆ ಉತ್ತರ ಬಂತು.

"ತಗೋಬಹುದು."

ಅವರಿಂದ ನನಗೆ ಬಂದ ಕಡೆಯ ಪತ್ರ ಅದು. ಮರುವರ್ಷ ಬೇಸಿಗೆಯಲ್ಲಿ, ಅಂಗಡಿಯಲ್ಲಿ ಕೂತಿದ್ದಾಗಲೇ ಎದೆನೋವು ಬಂದು ತೀರಿಕೊಂಡರೆಂದು ಬಸಲಿಂಗಪ್ಪ ಫೋನು ಮಾಡಿ ಹೇಳಿದ. ಕಾತ್ರಜಕ್ಕೆ ಹೋದೆ. ಕಿಟಕಿಯ ಮೇಲಿನ ತೆರೆ ನೋಡಿಕೊಂಡು ಅದರ ಎದುರಿನ ಬೆಂಚಿನಲ್ಲೇ ಕೂತೆ. ಈ ಸಲ ಬಸ್ಸು ತಪ್ಪಲಿಲ್ಲ.

ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ವಿಜಾಪುರದ ಮನೆಯಲ್ಲಿ ಬಂದವರೆಲ್ಲ ಹೋದ ಮೇಲೆ ಕಾಕು ನನ್ನ ಪಕ್ಕ ಕೂತು, ಪುಣೆ ಬಿಟ್ಟ ರಾತ್ರಿಯ ಮಾತು ತೆಗೆದರು.

"ನೀ ಬರ್ತೀ ಅಂತ ಭಾಳ ಹಾದಿ ನೋಡಿದ್ರವಾ. ಡ್ರೈವರಗ, ತಮ್ಮಾ ಒಂದ ಐದ ನಿಮಿಷ ತಡಿ, ನಮ್ಮ ಹುಡಗಿ ಬರಾಕಿ ಇದ್ದಾಳ ಅಂದ್ರು. ಅಂವಾ ಆ ಕಿಡಕಿ ಮ್ಯಾಲಿನ ಗಡಿಯಾರ ತೋರ್ಸಿದ. ಇವರು ಅದನ್ನ ನೋಡಿದ್ರು. ಬಂದು ಕುಂತ್ರು."

ನಾನು ಸಂಜೆಯ ಬಸ್ಸಿಗೆ ಹಿಂತಿರುಗಬೇಕಿತ್ತು. ಗೋಡೆಯ ಗಡಿಯಾರ ನೋಡಿ, ಹೊತ್ತಾಯಿತೆಂದು ಎದ್ದು ಚೀಲ ತೆಗೆದುಕೊಂಡೆ. ಕಾಕು ಕೈ ಹಿಡಿದು ಎಳೆದರು.

"ಕೂಡವಾ, ಅದು ಮುಂದ ಅದ."

"ಎಷ್ಟ ಮುಂದ ಅದರಿ ಕಾಕು?"

"ಅವರು ಹೇಳಲೇ ಇಲ್ಲ" ಎಂದರು ಕಾಕು.

ಚೀಲ ಕೆಳಗಿಟ್ಟು ಕೂತೆ.